ಮೆಣಸಿನಕಾಯಿ ಹಾಕದೆ 40 ಜನಕ್ಕೆ ಊಟ ಬಡಿಸಬೇಕು, ಸಲಹೆ ಕೊಡಿ

ಹುಣಸೂರು_ಬಾಣಸಿಗ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಹನ್ನೆರಡು ವರ್ಷ ಇದ್ದೆ. ಎರಡು ವರ್ಷದಿಂದ ಸ್ವಂತ ಕೆಲಸ. ತಿಂಗಳಿಗೆ ಒಂದು ಸಲ, ಒಂದೊಂದು ವಿಷಯ ಹಿಡಿದು 40 ಜನಕ್ಕೆ ಊಟ ಹಾಕುತ್ತೇನೆ.

ಈ ಸಲ ತಲೆಗೆ ಹೊಕ್ಕಿದ್ದು ಮಂಗರಸನ ಸೂಪಶಾಸ್ತ್ರ. ನಮ್ಮ ಕಡೆಯವನೇ, ಕಲ್ಲಹಳ್ಳಿಯವನು. 1508ರ ಸುಮಾರಿಗೆ ಬರೆದ ಅಡುಗೆ ಪುಸ್ತಕ, ಅದೂ ಷಟ್ಪದಿಯಲ್ಲಿ. ಬದನೆಕಾಯಿಗೇ ಒಂದು ಅಧ್ಯಾಯ ಕೊಟ್ಟಿದ್ದಾನೆ ಪುಣ್ಯಾತ್ಮ. ಷಟ್ಪದಿ ಅಂದಮೇಲೆ ಹಾಡಬಹುದಲ್ವಾ ಅನ್ನಿಸಿತು. ಪರಿಚಯದ ಗಮಕಿಗಳೊಬ್ಬರನ್ನು ಕೇಳಿದೆ, ಒಪ್ಪಿದರು. ಅವರು ಪದ್ಯ ವಾಚನ ಮಾಡಿ ಎರಡು ಮಾತಲ್ಲಿ ಅರ್ಥ ಹೇಳುತ್ತಾರೆ. ಅದು ಮುಗಿಯುವ ಹೊತ್ತಿಗೆ ಆ ಅಡುಗೆ ಎಲೆಗೆ ಬೀಳಬೇಕು. ಕುಂಬಾರರೊಬ್ಬರು ಮಡಕೆ, ಕುಡಿಕೆ ಮಾಡಿಕೊಡುತ್ತಿದ್ದಾರೆ. ಜಾಗ ಒಂದು ನಾಟಕ ತಂಡದ ಹಿತ್ತಲು.

ಹೋದ ಭಾನುವಾರ ಹನ್ನೆರಡು ಸ್ನೇಹಿತರನ್ನು ಕರೆದು ಬಡಿಸಿ ನೋಡಿದೆ. ಮೆಣಸಿನಕಾಯಿ ಇಲ್ಲ, ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ. ಎಲ್ಲರೂ "ಚೆನ್ನಾಗಿದೆ" ಅಂದರು. ಅದು ಎಂಥ "ಚೆನ್ನಾಗಿದೆ" ಅಂತ ಅಡುಗೆ ಮಾಡಿದವನಿಗೆ ಗೊತ್ತಾಗುತ್ತದೆ. ಒಬ್ಬ ಮೆಲ್ಲಗೆ ಉಪ್ಪಿನಕಾಯಿ ಇದೆಯಾ ಅಂತ ಕೇಳಿದ.

ಪ್ರಶ್ನೆ ಇಷ್ಟೇ. ಒಗ್ಗರಣೆಗೆ ನಾಲ್ಕು ಒಣಮೆಣಸಿನಕಾಯಿ ಹಾಕಿಬಿಡಲಾ? ಈ ಮಾತು ಗಮಕಿಗಳ ಕಿವಿಗೆ ಬಿತ್ತು. "ಹಾಕಿ, ಹಾಕಿ. ನಾನೂ ಷಟ್ಪದಿ ಬಿಟ್ಟು ಸಿನಿಮಾ ಹಾಡು ಹೇಳುತ್ತೇನೆ" ಅಂದರು.

ಖಾರ_ಬ್ಯಾಡಗಿ
ಹಾಕಿ ಸ್ವಾಮಿ. ಯಾರು ಬಂದು ಸಾರಿನಲ್ಲಿ ಇಸವಿ ಹುಡುಕುತ್ತಾರೆ? ಊಟ ಅಂದರೆ ಊಟ, ಪರೀಕ್ಷೆ ಅಲ್ಲ. ಖಾರ ಬೇಡ ಅಂದರೆ ನಮ್ಮ ಬ್ಯಾಡಗಿ ಹಾಕಿ, ಅದು ಬಣ್ಣಕ್ಕೆ ಜಾಸ್ತಿ, ಖಾರಕ್ಕೆ ಕಮ್ಮಿ.

ಹಳಗನ್ನಡ_ಓದುಗ
ದಯವಿಟ್ಟು ಹಾಕಬೇಡಿ. ವಾಸ್ಕೋ ಡ ಗಾಮ ಕಲ್ಲಿಕೋಟೆಯ ಹತ್ತಿರ ಬಂದು ಇಳಿದಿದ್ದು 1498ರಲ್ಲಿ. ಗೋವಾ ಪೋರ್ಚುಗೀಸರ ಕೈಗೆ ಹೋಗಿದ್ದು 1510ರಲ್ಲಿ. ಮೆಣಸಿನಕಾಯಿ ಅಮೆರಿಕದ ಗಿಡ, ಅವರ ಹಡಗಿನ ಜೊತೆ ಬಂದದ್ದು. ಮಂಗರಸ ಬರೆಯುವಾಗ ಅದು ಹುಣಸೂರಿನ ಒಲೆಯವರೆಗೆ ಬಂದಿರುವ ಸಾಧ್ಯತೆ ಎಲ್ಲಿದೆ?

ನಮ್ಮ ಭಾಷೆಯೇ ಸಾಕ್ಷಿ ಹೇಳುತ್ತದೆ ನೋಡಿ. ಮೆಣಸು ಅಂದರೆ ಮೊದಲಿಂದ ಕರಿಮೆಣಸು. ಆಮೇಲೆ ಬಂದ ಹೊಸ ಕಾಯಿಗೆ ಅದೇ ಹೆಸರನ್ನು ಹಿಡಿದು "ಮೆಣಸಿನ ಕಾಯಿ" ಅಂದರು. ದಕ್ಷಿಣ ಕನ್ನಡದವರು ಇವತ್ತಿಗೂ ಕರಿಮೆಣಸಿಗೆ "ಒಳ್ಳೆಮೆಣಸು" ಅನ್ನುತ್ತಾರೆ. ಅಂದರೆ ಬಂದವನು ಮನೆ ಯಜಮಾನನಾದ, ಯಜಮಾನನನ್ನು ಗುರುತಿಸಲು "ಒಳ್ಳೆ" ಅಂತ ಸೇರಿಸಬೇಕಾಯಿತು.

ಗೊಜ್ಜವಲಕ್ಕಿ
ಮೆಣಸಿನಕಾಯಿ ಬಜ್ಜಿ ಇಲ್ಲದೆ ವಿಜಯನಗರ ಸಾಮ್ರಾಜ್ಯ ಕಟ್ಟಿದರಾ? ಪಾಪ.

ಖಾರ_ಬ್ಯಾಡಗಿ
@ಹಳಗನ್ನಡ_ಓದುಗ ದಾಸರ ಪದದಲ್ಲಿ ಮೆಣಸಿನಕಾಯಿ ಬರುತ್ತದಲ್ಲ, ಅದಕ್ಕೇನು ಹೇಳುತ್ತೀರಿ?

ಹಳಗನ್ನಡ_ಓದುಗ
ಪುರಂದರದಾಸರ ಹೆಸರಿನಲ್ಲಿ ಹಾಗೊಂದು ಪದ ಇದೆ. ಅವರ ಕಾಲ 1564ರವರೆಗೆ. ಮಂಗರಸನಿಂದ ಐವತ್ತು ವರ್ಷಕ್ಕೂ ಮುಂದೆ. ಹಡಗಲ್ಲಿ ಬಂದ ಬೀಜ ಊರೂರಿಗೆ ಹೋಗಲು ಅಷ್ಟು ಸಮಯ ಸಾಕು. ನಿಮ್ಮ ಮಾತು ನನ್ನ ಮಾತಿಗೇ ಬಲ ಕೊಟ್ಟಿತು, ಥ್ಯಾಂಕ್ಸ್.

ಲೆಕ್ಕದ_ಮೇಷ್ಟ್ರು
ಒಂದು ಊಟಕ್ಕೆ ಎಷ್ಟು ತೆಗೆದುಕೊಳ್ಳುತ್ತೀರಿ? ಅದನ್ನು ಹೇಳದೆ ಹೀಗೆ ಪರಂಪರೆ ಪರಂಪರೆ ಅಂದರೆ ಆಗಲ್ಲ.

ಹುಣಸೂರು_ಬಾಣಸಿಗ
1,500 ರೂಪಾಯಿ. ಅದರಲ್ಲಿ ಗಮಕಿಗಳ ಸಂಭಾವನೆ, ಕುಂಬಾರರ ಮಡಕೆ, ಬಾಡಿಗೆ, ನಾಲ್ಕು ಜನ ಸಹಾಯಕರು ಎಲ್ಲ ಸೇರಿದೆ. ಹೋದ ತಿಂಗಳು ಕೈಗೆ ಉಳಿದಿದ್ದು ಹೇಳಿದರೆ ನೀವೇ ನನಗೆ ಚಂದಾ ಎತ್ತುತ್ತೀರಿ.

ಲೆಕ್ಕದ_ಮೇಷ್ಟ್ರು
1,500 ಕೊಟ್ಟು ಖಾರ ಇಲ್ಲದ ಬದನೆಕಾಯಿ ತಿನ್ನಬೇಕಾ? ಸರಿ, ಬೆಂಗಳೂರಲ್ಲವೇ.

ಬಿಸಿಲ_ನಾಡಿನವ
ನನ್ನದು ಬಸವಕಲ್ಯಾಣ. ಒಂದು ತಕರಾರು ಇದೆ. "ಹಳೆಯ ಕನ್ನಡ ನಾಡಿನ ಊಟ" ಅಂದಾಗೆಲ್ಲ ಎಲ್ಲರೂ ಸಸ್ಯಾಹಾರಕ್ಕೇ ಓಡುತ್ತೀರಿ. ನಮ್ಮ ಕಲ್ಯಾಣದಲ್ಲಿ ಕೂತು ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಮಾನಸೋಲ್ಲಾಸ ಅನ್ನುವ ಗ್ರಂಥ ಬರೆಸಿದ್ದು 1129ರಲ್ಲಿ. ಅದು ಸಂಸ್ಕೃತದಲ್ಲಿದ್ದರೂ ಊಟ ನಮ್ಮದೇ. ದೋಸಕ ಇದೆ, ಇಡ್ಡರಿಕ ಇದೆ, ಅಂದರೆ ನಮ್ಮ ದೋಸೆ, ಇಡ್ಲಿ. ಜೊತೆಗೆ ಮೀನು, ಹಂದಿ, ರಕ್ತ ತುಂಬಿ ಸುಟ್ಟ ಕರುಳು, ಗದ್ದೆಯ ಇಲಿಯನ್ನು ಸುಟ್ಟು ಮಾಡುವ ಕ್ರಮ ಕೂಡ ಇದೆ. ರಾಜನೇ ತಿನ್ನುತ್ತಿದ್ದ. ಇದನ್ನು ಯಾವ ಬಾಣಸಿಗನೂ 1,500ಕ್ಕೆ ಬಡಿಸಲ್ಲ ನೋಡಿ.

ಗೊಜ್ಜವಲಕ್ಕಿ
ಇಲಿಗೆ ಗಮಕಿಗಳು ಯಾವ ರಾಗ ಹಿಡಿಯುತ್ತಾರೆ?

ಹುಣಸೂರು_ಬಾಣಸಿಗ
@ಬಿಸಿಲ_ನಾಡಿನವ ನಿಮ್ಮ ಮಾತು ಸರಿ. ಮಂಗರಸ ಜೈನ, ಹಾಗಾಗಿ ಅವನ ಪುಸ್ತಕದ ಊಟ ಸಸ್ಯಾಹಾರ. ಕನ್ನಡ ನಾಡಿನ ಊಟ ಅಂದರೆ ಇದೇ ಅಂತ ನಾನು ಎಲ್ಲೂ ಹೇಳುತ್ತಿಲ್ಲ. ಸೋಮೇಶ್ವರನ ಊಟವೂ ಪಟ್ಟಿಯಲ್ಲಿದೆ. ಇಲಿ ಬಿಟ್ಟು.

ಪ್ರಶ್ನೆ_ಪತ್ರಿಕೆ
ಜೈನರು ಬದನೆಕಾಯಿ ತಿನ್ನಲ್ಲ ಅಲ್ವಾ? ಬೀಜ ಜಾಸ್ತಿ ಅಂತ ಬಿಡುತ್ತಾರೆ. ಮತ್ತೆ ಅವನು ಬದನೆಗೇ ಅಧ್ಯಾಯ ಬರೆದಿದ್ದು ಹೇಗೆ?

ಹಳಗನ್ನಡ_ಓದುಗ
ಒಳ್ಳೆ ಪ್ರಶ್ನೆ. ಕಟ್ಟುನಿಟ್ಟಿನವರು ಬಿಡುತ್ತಾರೆ, ಎಲ್ಲರೂ ಅಲ್ಲ. ನನಗನ್ನಿಸುವುದು, ಅವನು ಬರೆದದ್ದು ಮುನಿಗಳಿಗಲ್ಲ, ಚೆನ್ನಾಗಿ ತಿನ್ನುವ ದೊರೆಮನೆಯವರಿಗೆ. ಕವಿಗೆ ಬಾಯಿ ಚಪಲ ಇರಬಾರದು ಅಂತ ಏನಿಲ್ಲವಲ್ಲ.

ಮಲೆನಾಡ್_ಅಮ್ಮ
ನಾನು ತೀರ್ಥಹಳ್ಳಿ ಕಡೆಯವಳು. ಸೂಪಶಾಸ್ತ್ರದಲ್ಲಿ ಕಳಲೆಯೂ (ಎಳೆ ಬಿದಿರು) ಇದೆ ಅಂತ ಕೇಳಿದ್ದೇನೆ. ಕಳಲೆ ಮಾಡುವುದಾದರೆ ಒಂದು ಮಾತು. ಹೆಚ್ಚಿ ಎರಡು ಮೂರು ದಿನ ನೀರಲ್ಲಿ ಹಾಕಿ. ದಿನಾ ನೀರು ಬದಲಿಸಿ. ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲಿ. ಅದರಲ್ಲಿ ವಿಷದ ಅಂಶ ಇರುತ್ತದೆ, ಆತುರ ಮಾಡಿದರೆ ಹೊಟ್ಟೆ ಕೆಡುತ್ತದೆ. ಯಾರೋ ಶೆಫ್ ಟೀವಿಯಲ್ಲಿ ಹಾಗೇ ಹಸಿಯಾಗಿ ಬಾಣಲೆಗೆ ಹಾಕಿದ್ದು ನೋಡಿ ನಾನು ಕೂತಲ್ಲೇ ಕೂಗಿಕೊಂಡೆ.

ಮಡಕೆ ಪಳಗಿಸಿದ್ದೀರಾ? ಹೊಸ ಮಡಕೆಯನ್ನು ಒಂದು ರಾತ್ರಿ ನೀರಲ್ಲಿ ಮುಳುಗಿಸಿಡಿ. ಮಾರನೇ ದಿನ ಸಣ್ಣ ಉರಿಯಲ್ಲಿ ಗಂಜಿ ಕುದಿಸಿ. ಎರಡು ಮೂರು ಸಲ ಮಾಡಿದ ಮೇಲೆ ಸಾರು ಮಾಡಿ. ಇಲ್ಲದಿದ್ದರೆ ಎಲ್ಲಕ್ಕೂ ಮಣ್ಣಿನ ವಾಸನೆ. ನಿಮ್ಮ ಸ್ನೇಹಿತರಿಗೆ "ಏನೋ ಕಮ್ಮಿ" ಅನ್ನಿಸಿದ್ದು ಅದಕ್ಕೇ ಇರಬಹುದು.

ಹುಣಸೂರು_ಬಾಣಸಿಗ
ಅಯ್ಯೋ. ಒಂದೇ ಸಲ ಗಂಜಿ ಕುದಿಸಿದ್ದೆ. ಒಂದು ಮಡಕೆ ಬಿರುಕೂ ಬಿಟ್ಟಿತು. ಕುಂಬಾರರು "ನೀವು ಗ್ಯಾಸ್ ಜೋರಾಗಿ ಇಟ್ಟಿರಬೇಕು" ಅಂದರು. ಇಟ್ಟಿದ್ದೆ.

ಕಾಫಿ_ತೋಟ
ಒಂದು ಮಾತು ಸೇರಿಸುತ್ತೇನೆ. ಮನೆ ಅಡುಗೆಯನ್ನು ಹೊರಗಿನವರ ಮುಂದೆ ಇಡುವ ಕೆಲಸ ಇಲ್ಲಿ ಮೊದಲೇ ಆಗಿದೆ. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯ ಕರಾವಳಿ ರೆಸ್ಟೋರೆಂಟ್ ಶುರುವಾದದ್ದು 1990ರಲ್ಲಿ. ಸ್ಟಾರ್ ಹೋಟೆಲು ಅಂದರೆ ಬೆಣ್ಣೆ ಕೋಳಿ, ಪನ್ನೀರು ಅಂತಿದ್ದ ಕಾಲ. ಅವರು ಗೋವಾದಿಂದ ಕೇರಳದವರೆಗಿನ ಮನೆಗಳ ಅಡುಗೆ ಹುಡುಕಿಕೊಂಡು ಹೋದರು. ನಮ್ಮ ಕೊಡಗಿನ ಶೆಫ್ ನರೇನ್ ತಿಮ್ಮಯ್ಯ ಅಲ್ಲಿ ವರ್ಷಗಟ್ಟಲೆ ನಿಂತು ಅದನ್ನು ಉಳಿಸಿದರು. ಪಂದಿಕರಿಗೆ (ನಮ್ಮ ಹಂದಿ ಮಾಂಸದ ಸಾರು) ಕಾಚಂಪುಳಿಯೇ (ಕೊಡಗಿನ ಕಪ್ಪು ಹುಳಿರಸ) ಬೇಕು ಅನ್ನುವುದು ಬೆಂಗಳೂರಿನ ಎಷ್ಟೋ ಜನರಿಗೆ ಗೊತ್ತಾದದ್ದು ಅಂಥ ಕಡೆಯಿಂದ. ಅದರ ಬದಲು ನಿಂಬೆಹಣ್ಣು ಹಿಂಡಿ "ಸ್ವಲ್ಪ ಬದಲಾಯಿಸಿದೆ" ಅಂದರೆ ಅದು ಬೇರೆ ಪದಾರ್ಥ ಆಗುತ್ತದೆ. ನಿಮ್ಮ ಮೆಣಸಿನಕಾಯಿ ಕಥೆಯೂ ಅದೇ.

ಖಾರ_ಬ್ಯಾಡಗಿ
ಪಂದಿಕರಿಗೂ ಖಾರದ ಪುಡಿ ಹಾಕುತ್ತಾರಲ್ಲ ಈಗ? ಅಡುಗೆ ಬದಲಾಗುತ್ತಾ ಬಂದಿದೆ ಅಂತ ನೀವೇ ಒಪ್ಪಿದ ಹಾಗಾಯಿತು.

ಕಾಫಿ_ತೋಟ
ಹಾಕುವವರಿದ್ದಾರೆ. ನಮ್ಮ ಮನೆಯಲ್ಲಿ ಕರಿಮೆಣಸೇ ಮುಂದು. ತೋಟದಲ್ಲಿ ಬಳ್ಳಿ ಇರುವಾಗ ಅಂಗಡಿಗೆ ಯಾಕೆ ಹೋಗಲಿ?

ಪುಟ್ಟಕ್ಕ
ಎಲ್ಲರೂ 1508, 1129 ಅಂತ ಹಿಂದೆ ಹಿಂದೆ ಹೋಗುತ್ತಿದ್ದೀರಿ. ಮೆಣಸಿನಕಾಯಿ ಬರುವ ಮೊದಲಿನ ಅಡುಗೆ ಸತ್ತಿಲ್ಲ ಕಣ್ರೀ. ಪಕ್ಕದ ಮನೆಯಲ್ಲೇ ಇದೆ. ತಿಥಿ ಅಡುಗೆ!

ನಮ್ಮ ಮನೆಯಲ್ಲಿ ಮಾವನವರ ತಿಥಿ ವರ್ಷಾ ವರ್ಷಾ ಮಾಡುತ್ತೇವೆ. ಮೆಣಸಿನಕಾಯಿ ಇಲ್ಲ, ಕರಿಮೆಣಸು. ಆಲೂಗಡ್ಡೆ, ಟೊಮೆಟೊ, ಎಲೆಕೋಸು ಯಾವುದೂ ಇಲ್ಲ. ಬಾಳೆಕಾಯಿ, ಹಾಗಲಕಾಯಿ, ಸುವರ್ಣಗೆಡ್ಡೆ, ಮೆಣಸಿನ ಸಾರು, ಉದ್ದಿನ ವಡೆ, ಎಳ್ಳುಂಡೆ. ಅತ್ತೆ "ಅದೆಲ್ಲ ಪರದೇಶದ ತರಕಾರಿ, ಪಿತೃಗಳಿಗೆ ಗೊತ್ತಿಲ್ಲ" ಅನ್ನುತ್ತಿದ್ದರು. ನಾನು ಮೂಢನಂಬಿಕೆ ಅಂದುಕೊಂಡಿದ್ದೆ. ಈಗ ನೋಡಿದರೆ ಅತ್ತೆ ಇತಿಹಾಸ ಹೇಳುತ್ತಿದ್ದರು!

ಬಾಣಂತಿ ಊಟವೂ ಹಾಗೇ. ಹಸಿಮೆಣಸಿನಕಾಯಿ ಹತ್ತಿರ ತರಲ್ಲ. ಮೆಣಸು, ಜೀರಿಗೆ, ಶುಂಠಿ, ತುಪ್ಪ. ಸತ್ತವರಿಗೂ ಈಗಷ್ಟೇ ಹೆತ್ತವಳಿಗೂ ಹಳೇ ಅಡುಗೆ, ನಡುವೆ ಇರುವ ನಮಗೆ ಮಾತ್ರ ಬಜ್ಜಿ.

ಮತ್ತೆ ಹೇಳಿ, ತಿಥಿ ವಡೆ ತಿಂದು ಯಾರಾದರೂ "ಏನೋ ಕಮ್ಮಿ" ಅಂದಿದ್ದಾರಾ? ಪೈಪೋಟಿ ಮೇಲೆ ತಿನ್ನುತ್ತಾರೆ. ಪುಸ್ತಕ ಮುಚ್ಚಿ, ತಿಥಿ ಅಡುಗೆಯವರನ್ನು ಹುಡುಕಿ.

ಗೊಜ್ಜವಲಕ್ಕಿ
ತಿಥಿ ವಡೆ!! ಇಷ್ಟು ಹೊತ್ತು ಈ ಮಾತು ಯಾರೂ ಯಾಕೆ ಹೇಳಲಿಲ್ಲ?

ಲೆಕ್ಕದ_ಮೇಷ್ಟ್ರು
ಅಂದರೆ 1,500 ಕೊಟ್ಟು ತಿಥಿ ಊಟ. ಬದುಕಿದ್ದಾಗಲೇ. ಭೇಷ್.

ರಾಗಿಮುದ್ದೆ_ರಾಜ
ಸ್ವಲ್ಪ ತಡೀರಿ. ಮಂಡ್ಯದಲ್ಲಿ ನಮ್ಮವರ ತಿಥಿ ಅಂದರೆ ಮಟನ್ ಸಾರು, ಮುದ್ದೆ. ಅದರಲ್ಲಿ ಖಾರ ಇಲ್ಲದಿದ್ದರೆ ಸತ್ತವರೇ ಎದ್ದು ಬರುತ್ತಾರೆ. "ತಿಥಿ ಅಡುಗೆ" ಅಂತ ಒಂದೇ ಇದೆ ಅನ್ನಬೇಡಿ. ನೀವು ಹೇಳುತ್ತಿರುವುದು ಬ್ರಾಹ್ಮಣರ ಮನೆಯದು.

ಪುಟ್ಟಕ್ಕ
ಹೌದು, ಒಪ್ಪಿದೆ. "ನಮ್ಮಲ್ಲಿ" ಅಂತ ಬರೆಯಬೇಕಿತ್ತು. ಆದರೆ ನಿಮ್ಮಲ್ಲಿ ಬಾಣಂತಿಗೆ ಏನು ಕೊಡುತ್ತಾರೆ?

ರಾಗಿಮುದ್ದೆ_ರಾಜ
ಅಮ್ಮನನ್ನು ಕೇಳಿದೆ. ಮೆಣಸು, ಬೆಳ್ಳುಳ್ಳಿ ಹಾಕಿದ ಸಾರು, ಖಾರದ ಪುಡಿ ಮುಟ್ಟಿಸಲ್ಲವಂತೆ. ನಾಟಿಕೋಳಿಗೂ ಮೆಣಸೇ. ಸರಿ, ನೀವು ಗೆದ್ದಿರಿ.

ರಥಬೀದಿ
ಉಡುಪಿಯಿಂದ. ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ. ತರಕಾರಿ ಇಲ್ಲ, ಮೆಣಸಿನಕಾಯಿ ಇಲ್ಲ, ಹುಣಿಸೆಯೂ ಇಲ್ಲ. ಒಳ್ಳೆಮೆಣಸು, ಜೀರಿಗೆ, ಹುಳಿಗೆ ಒಣಗಿಸಿದ ಮಾವು. ಇಷ್ಟರಲ್ಲೇ ತಿಂಗಳು ಪೂರ್ತಿ ಅಡುಗೆ ನಡೆಯುತ್ತದೆ, ಯಾರೂ ಸೊರಗಿಲ್ಲ. ಮತ್ತೆ ಬದನೆ ಅಂದಿರಿ. ನಮ್ಮ ಮಟ್ಟುಗುಳ್ಳ ತಗೊಳ್ಳಿ. ವಾದಿರಾಜರು ಬೀಜ ಕೊಟ್ಟದ್ದು ಅಂತ ನಂಬಿಕೆ. ಅವರೂ ಹೆಚ್ಚುಕಮ್ಮಿ ಮಂಗರಸನ ಶತಮಾನದವರೇ. 2011ರಲ್ಲಿ ಭೌಗೋಳಿಕ ಗುರುತೂ (ಜಿಐ ಟ್ಯಾಗ್) ಸಿಕ್ಕಿದೆ.

ಅರಮನೆ_ದಸರಾ
ಮೈಸೂರು ಸೀಮೆಯ ಕವಿಗೆ ಉಡುಪಿ ಬದನೆ ಯಾಕೆ? ಈರನಗೆರೆ ಬದನೆ ಇಲ್ವಾ ನಮ್ಮಲ್ಲಿ?

ರಥಬೀದಿ
ಸಾಂಬಾರಿಗೆ ಗುಳ್ಳದ ಮುಂದೆ ಬೇರೆ ಬದನೆ ನಿಲ್ಲುವುದಿಲ್ಲ.

ಅರಮನೆ_ದಸರಾ
ಸಾಂಬಾರಿಗೆ ಬೆಲ್ಲ ಹಾಕುವವರ ಮಾತು ನಾವು ಕೇಳಲ್ಲ.

(ಇದರ ಮುಂದೆ ಬದನೆ, ಬೆಲ್ಲದ ಬಗ್ಗೆ ಇಬ್ಬರ ನಡುವೆ ಹದಿನೇಳು ಉತ್ತರಗಳಿವೆ. ಬೇರೆ ಎಳೆಗೆ ಸಾಗಿಸಲಾಗಿದೆ. ನಿರ್ವಾಹಕರು)

ನ್ಯೂಜೆರ್ಸಿ_ಕನ್ನಡತಿ
ಇಲ್ಲಿ ನಮ್ಮ ಕನ್ನಡ ಕೂಟದಲ್ಲಿ ಹಬ್ಬ ಅಂದರೆ ಬಿಸಿಬೇಳೆ ಬಾತ್, ಪುಳಿಯೋಗರೆ, ಮತ್ತೆ ಬಿಸಿಬೇಳೆ ಬಾತ್. ಮಕ್ಕಳು ನಮ್ಮ ಊಟ ಅಂದರೆ ಇಷ್ಟೇ ಅಂದುಕೊಂಡಿದ್ದಾರೆ. ಪದ್ಯ ಹಾಡಿ ಊಟ ಬಡಿಸುವುದು ಕೇಳಿ ಹೊಟ್ಟೆಕಿಚ್ಚಾಯಿತು. ವಿಡಿಯೋ ಹಾಕಿ. ಒಂದು ಅನುಮಾನ, ಇಡ್ಲಿ ಆಗ ಇತ್ತಾ?

ಹಳಗನ್ನಡ_ಓದುಗ
ಇತ್ತು, ಅದಕ್ಕೂ ಮೊದಲೇ. ಹತ್ತನೇ ಶತಮಾನದ ವಡ್ಡಾರಾಧನೆಯಲ್ಲಿ "ಇಡ್ಡಲಿಗೆ" ಅನ್ನುವ ಮಾತಿದೆ. 1025ರ ಹೊತ್ತಿನ ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿ ಮಾಡುವ ಕ್ರಮವೂ ಇದೆ. ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ, ಮೆಣಸು, ಜೀರಿಗೆ, ಕೊತ್ತಂಬರಿ, ಇಂಗು ಸೇರಿಸಬೇಕು. ಅಕ್ಕಿಯ ಸುದ್ದಿಯೇ ಇಲ್ಲ.

ಹುಣಸೂರು_ಬಾಣಸಿಗ
ಅದನ್ನು ಮಾಡಿ ನೋಡಿದ್ದೇನೆ. ಮೊದಲ ಸಲ ಬಂದದ್ದರಲ್ಲಿ ಕ್ರಿಕೆಟ್ ಆಡಬಹುದಿತ್ತು. ಗಾಳಿ ಸೇರುವ ಹಾಗೆ ಕೈಯಲ್ಲಿ ಚೆನ್ನಾಗಿ ಬಡಿದ ಮೇಲೆ ಸ್ವಲ್ಪ ಹಗುರಾಯಿತು. ಈಗಿನ ಇಡ್ಲಿಗಿಂತ ಆವಿಯಲ್ಲಿ ಬೆಂದ ವಡೆಗೇ ಹತ್ತಿರ.

ಖಾರ_ಬ್ಯಾಡಗಿ
ಅದಕ್ಕೆ ಕೆಂಪು ಚಟ್ನಿ ಇದ್ದರೆ... ಸರಿ ಸರಿ, ಹೋಗುತ್ತೇನೆ.

ಹುಣಸೂರು_ಬಾಣಸಿಗ
ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಪುಟ್ಟಕ್ಕನವರ ಮಾತು ಕೇಳಿ ಮೈಸೂರಿನ ಅಗ್ರಹಾರದಲ್ಲಿ ಒಬ್ಬ ಅಮ್ಮನನ್ನು ಹುಡುಕಿಕೊಂಡು ಹೋದೆ. ವಯಸ್ಸು 74. ನಲವತ್ತು ವರ್ಷದಿಂದ ತಿಥಿ ಅಡುಗೆಗೆ ಹೋಗುತ್ತಾರೆ. ನಾನು ಮಾಡಿದ ಸಾರನ್ನು ಡಬ್ಬಿಯಲ್ಲಿ ಒಯ್ದಿದ್ದೆ. ಅದು ನಾನು ಮುಟ್ಟಿ ಮಾಡಿದ ಅಡುಗೆ, ಅವರು ಬಾಯಿಗೆ ಇಡಲ್ಲ. ಮುಚ್ಚಳ ತೆಗೆಸಿ ಮೂಸಿ ನೋಡಿದರು. "ಮೆಣಸು ಯಾವಾಗ ಕುಟ್ಟಿದ್ದು?" ಅಂದರು. ಹಿಂದಿನ ದಿನ ಪುಡಿ ಮಾಡಿ ಇಟ್ಟಿದ್ದೆ ಅಂದೆ. "ಅದು ಮೆಣಸಲ್ಲಪ್ಪ, ಧೂಳು."

ಅವರ ಅಡುಗೆಮನೆಯ ಬಾಗಿಲಲ್ಲಿ ಒಂದು ಸ್ಟೂಲ್ ಹಾಕಿ ಕೂರಿಸಿದರು. ಹೊಸಲು ದಾಟುವ ಹಾಗಿಲ್ಲ. ಎರಡು ದಿನ ಕೂತು ನೋಡಿದೆ. ಹನ್ನೆರಡು ವರ್ಷ ಹೋಟೆಲಿನಲ್ಲಿ ಯಾರೂ ಹೇಳಿಕೊಡದ್ದು ಅಲ್ಲಿ ತಿಳಿಯಿತು. ಮೆಣಸನ್ನು ತುಪ್ಪದಲ್ಲಿ ಸಿಡಿಯುವವರೆಗೆ ಬಿಟ್ಟು, ಆಗಲೇ ತರಿತರಿಯಾಗಿ ಕುಟ್ಟಿ, ಸಾರು ಇಳಿಸುವ ಹೊತ್ತಿಗೆ ಹಾಕುತ್ತಾರೆ. ನಾನು ಮೊದಲೇ ಹಾಕಿ ಅರ್ಧ ಗಂಟೆ ಕುದಿಸಿದ್ದೆ, ಘಮ ಎಲ್ಲ ಹೋಗಿತ್ತು. ಹುಳಿ ನನಗಿಂತ ಜಾಸ್ತಿ ಹಾಕುತ್ತಾರೆ, ತುಪ್ಪವೂ ಜಾಸ್ತಿ. ನನಗನ್ನಿಸಿದ್ದು, ಮೆಣಸಿನಕಾಯಿಯ ಖಾರ ನಾಲಿಗೆಯ ತುದಿಗೆ ಕೂಡಲೇ ತಾಗುತ್ತದೆ, ಮೆಣಸಿನದು ಗಂಟಲಿಗೆ ಆಮೇಲೆ ಬರುತ್ತದೆ. ಅಲ್ಲಿಯವರೆಗೆ ನಾಲಿಗೆಗೆ ಏನಾದರೂ ಕೆಲಸ ಕೊಡಬೇಕು. ಅದನ್ನು ಹುಳಿ ಮಾಡುತ್ತದೆ. ನಾನು ಮಾಡಿದ್ದ ತಪ್ಪು ಒಂದೇ. ಈಗಿನ ಅಡುಗೆಯ ಅಳತೆಯಲ್ಲಿ ಮೆಣಸಿನಕಾಯಿ ತೆಗೆದು, ಆ ಜಾಗವನ್ನು ಖಾಲಿ ಬಿಟ್ಟಿದ್ದೆ.

ನಿನ್ನೆ ಅದೇ ಹನ್ನೆರಡು ಜನರನ್ನು ಕರೆದೆ. ಬದನೆಕಾಯಿಯನ್ನು ಕೆಂಡದಲ್ಲಿ ಸುಟ್ಟು, ಮೊಸರು, ಶುಂಠಿ, ಇಂಗಿನ ಒಗ್ಗರಣೆ. (ಈರನಗೆರೆಯದು. ರಥಬೀದಿಯವರು ಕ್ಷಮಿಸಬೇಕು.) ಬಾಳೆಕಾಯಿ ಪಲ್ಯ, ಮೆಣಸಿನ ಸಾರು, ವಡೆ. ಗಮಕಿಗಳು ಸಾರಿನ ಹೊತ್ತಿಗೆ ಹಾಡುವುದು ನಿಲ್ಲಿಸಿ ಮೊದಲು ಊಟ ಮಾಡುತ್ತೇನೆ ಅಂದರು. ಉಪ್ಪಿನಕಾಯಿ ಕೇಳಿದವನು ಈ ಸಲ ಕುಡಿಕೆ ಎತ್ತಿ ಸಾರು ಕುಡಿದ.

ಈಗ ಹೊಸ ತಲೆನೋವು. ಆ ಅಮ್ಮನ ಹೆಸರನ್ನು ಊಟದ ಪಟ್ಟಿಯಲ್ಲಿ ದೊಡ್ಡದಾಗಿ ಹಾಕಬೇಕು ಅಂತ ನನ್ನಾಸೆ. ಕಲಿತದ್ದು ಅವರಿಂದ, ಹೆಸರು ಮಾತ್ರ ನನ್ನದು ಅಂದರೆ ಸರಿಯಲ್ಲ. ಅವರು ಖಡಾಖಂಡಿತ ಬೇಡ ಅಂದರು. "ತಿಥಿ ಅಡುಗೆಯವಳು ಅಂತ ಗೊತ್ತಾದರೆ ಯಾರೂ ಮದುವೆಗೆ, ಉಪನಯನಕ್ಕೆ ಕರೆಯಲ್ಲ. ಈಗಲೇ ಕಮ್ಮಿ ಕರೆಯುತ್ತಾರೆ" ಅಂದರು. ಏನು ಮಾಡಲಿ?

ಕಾಫಿ_ತೋಟ
ಹೆಸರು ಹಾಕಲೇಬೇಕು. ಅಜ್ಜಿಯರ ಅಡುಗೆ ಕಲಿತು ಶೆಫ್‌ಗಳು ಪ್ರಶಸ್ತಿ ತೆಗೆದುಕೊಂಡದ್ದು ಸಾಕು.

ಪುಟ್ಟಕ್ಕ
ಬೇಡ ಅಂದವರ ಹೆಸರು ಹಾಕುವುದು ಅದಕ್ಕಿಂತ ದೊಡ್ಡ ತಪ್ಪು. ನಿಮ್ಮ ಮನಸ್ಸಿನ ಸಮಾಧಾನಕ್ಕೆ ಅವರ ಅನ್ನಕ್ಕೆ ಕಲ್ಲು ಹಾಕಬೇಡಿ. ಗಮಕಿಗಳಿಗೆ ಎಷ್ಟು ಸಂಭಾವನೆ ಕೊಡುತ್ತೀರೋ ಅಷ್ಟನ್ನೇ ಅವರಿಗೂ ಕೊಡಿ. ಪ್ರತಿ ಊಟಕ್ಕೂ, ಒಂದು ಸಲ ಅಲ್ಲ.

ಹಳಗನ್ನಡ_ಓದುಗ
"ಮೈಸೂರು ಅಗ್ರಹಾರದ ಮಡಿ ಅಡುಗೆಯವರಿಂದ ಕಲಿತದ್ದು" ಅಂತ ಹಾಕಬಹುದಲ್ಲ? ತಿಥಿ ಅನ್ನುವ ಮಾತೂ ಇಲ್ಲ, ಸುಳ್ಳೂ ಇಲ್ಲ.

ಲೆಕ್ಕದ_ಮೇಷ್ಟ್ರು
ಅಮ್ಮನವರ ಸಂಭಾವನೆ ಸೇರಿಸಿದರೆ 1,500ಕ್ಕೆ ನಿಮಗೆ ಗಿಟ್ಟಲ್ಲ. 1,700 ಮಾಡಿ. ನನಗೆ ಎರಡು ಜಾಗ ಹಿಡಿದಿಡಿ.

ಬಿಸಿಲ_ನಾಡಿನವ
ಮುಂದಿನದು ಕಲ್ಯಾಣದ ಊಟ ಅಂತ ಮಾತು ಕೊಟ್ಟಿದ್ದೀರಿ, ನೆನಪಿರಲಿ.

ಹುಣಸೂರು_ಬಾಣಸಿಗ
ನೆನಪಿದೆ. @ಪುಟ್ಟಕ್ಕ, ಫೋನಿನಲ್ಲಿ ಕೇಳಿದೆ. ಗಮಕಿಗಳಷ್ಟೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಎಷ್ಟು ಹೊತ್ತು ಹಾಡುತ್ತಾರೆ?" ಅಂದರು. ಒಂದೂವರೆ ಗಂಟೆ ಅಂದೆ. "ನನ್ನ ಸಾರಿಗೆ ಅಷ್ಟು ಹೊತ್ತು ಬೇಡ" ಅಂದರು. ಒಪ್ಪಿದರು ಅಂತ ಅಂದುಕೊಂಡಿದ್ದೇನೆ. ಹಳಗನ್ನಡ ಓದುಗರು ಹೇಳಿದ ಸಾಲನ್ನೂ ಓದಿ ಹೇಳಿದೆ, ಅದಕ್ಕೆ ಅಡ್ಡಿ ಇಲ್ಲವಂತೆ.

ಗೊಜ್ಜವಲಕ್ಕಿ
ಮುಖ್ಯವಾದದ್ದನ್ನು ಯಾರೂ ಕೇಳಲಿಲ್ಲ. ಒಬ್ಬರಿಗೆ ಎಷ್ಟು ವಡೆ?

ಹುಣಸೂರು_ಬಾಣಸಿಗ
ಎರಡು.

ಗೊಜ್ಜವಲಕ್ಕಿ
ಸಾಲಲ್ಲ.